ನನ್ನ ತಲೆಯಲ್ಲಿ ಒಂದೂ ಇಲ್ಲವಂತೆ

ನನ್ನ ತಲೆಯಲ್ಲಿ ಏನೂ ಇಲ್ಲ ಎಂಬುದಕ್ಕೆ ನನ್ನ ಹತ್ತಿರ ಪುರಾವೆ ಇದೆ. ಬೇರೆಯವರ ವಿಷಯದಲ್ಲಿ ಇದು ಬರೀ ಬೈಗುಳ. ನನ್ನ ವಿಷಯದಲ್ಲಿ ಹಾಗಲ್ಲ. ತೇನಿ ಊರಿನ ದೊಡ್ಡ ಆಸ್ಪತ್ರೆಯ ಯಂತ್ರವೊಂದು ನನ್ನನ್ನು ಒಳಗೆ ಮಲಗಿಸಿಕೊಂಡು, ಗಡಗಡ ಸದ್ದು ಮಾಡಿ, ತಲೆಯನ್ನು ಈರುಳ್ಳಿ ಹೆಚ್ಚಿದಂತೆ ಬಿಲ್ಲೆಬಿಲ್ಲೆಯಾಗಿ ನೋಡಿ, ಕಪ್ಪು ಹಾಳೆಯ ಮೇಲೆ ಅಚ್ಚು ಹಾಕಿ ಕೊಟ್ಟ ತೀರ್ಮಾನ ಅದು. ಶಾಲೆಯಲ್ಲಿ ನಮ್ಮ ಲೆಕ್ಕದ ಮೇಷ್ಟ್ರೂ ಇದನ್ನೇ ಹೇಳುತ್ತಿದ್ದರು. ಪಾಪ, ಅವರಿಗೆ ಯಂತ್ರದ ಅಗತ್ಯ ಬೀಳುತ್ತಿರಲಿಲ್ಲ.

ತಲೆಯಲ್ಲಿ ಏನೂ ಇಲ್ಲದಿದ್ದರೆ ಸಂತೋಷಪಡಬೇಕಲ್ಲವೇ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದರು. ನನ್ನ ಸಿಟ್ಟೇ ಅಲ್ಲಿರುವುದು.

ಅದು ಶುರುವಾದದ್ದು ದ್ರಾಕ್ಷಿ ಚಪ್ಪರದ ಕೆಳಗೆ. ಕಂಬಂ ಊರು ದಾಟಿದರೆ ನನ್ನದೊಂದು ದ್ರಾಕ್ಷಿ ತೋಟವಿದೆ. ‘ನಮ್ಮದು’ ಎನ್ನದೆ ‘ನನ್ನದು’ ಎನ್ನುವುದಕ್ಕೆ ಕಾರಣ ಮುಂದೆ ತಿಳಿಯುತ್ತದೆ. ಸದ್ಯಕ್ಕೆ ಅದು ನನ್ನ ಅವ್ವನಿಂದ ನನಗೆ ಬಂದ ಪಾಲು ಎಂದಷ್ಟು ಹೇಳಿದರೆ ಸಾಕು. ನಮ್ಮ ಕಡೆ ದ್ರಾಕ್ಷಿ ತಲೆಯ ಮೇಲೆ ಬೆಳೆಯುತ್ತದೆ. ಸಾಲಾಗಿ ಕಲ್ಲುಕಂಬ, ಅವುಗಳ ಮೇಲೆ ತಂತಿಯ ಹೆಣಿಗೆ, ಅದರ ಮೇಲೆ ಬಳ್ಳಿ. ಚಿಗುರು ಕಟ್ಟುವುದು, ಎಲೆ ಬಿಡಿಸುವುದು, ಗೊಂಚಲಿನಲ್ಲಿ ಒತ್ತಾದ ಕಾಯಿಗಳನ್ನು ಕತ್ತರಿಯಿಂದ ತೆಗೆಯುವುದು, ಎಲ್ಲವನ್ನೂ ಕತ್ತೆತ್ತಿಯೇ ಮಾಡಬೇಕು. ದೂರದಿಂದ ನೋಡಿದವರಿಗೆ, ತೋಟದ ತುಂಬ ಹೆಂಗಸರು ಕೈಯೆತ್ತಿ ದೇವರಲ್ಲಿ ಏನೋ ಬೇಡಿಕೊಳ್ಳುತ್ತಿದ್ದಾರೆ ಎನಿಸಬೇಕು.

ಹಾಗೆ ಬೇಡಿಕೊಳ್ಳುತ್ತಿದ್ದ ಒಂದು ಬೆಳಿಗ್ಗೆ ಯಾರೋ ನನ್ನ ನೆತ್ತಿಯ ಮೇಲೆ ಚೆಂಬಿನಿಂದ ಸಣ್ಣಗೆ ತಣ್ಣೀರು ಬಿಟ್ಟಂತಾಯಿತು. ನೀರು ನೆತ್ತಿಯಿಂದ ಇಳಿದು, ಬಲಗಿವಿಯ ಹಿಂದೆ ಸುತ್ತಿ, ಕತ್ತಿಗೆ ಹರಿಯಿತು. ಪಕ್ಕದ ಸಾಲಿನಲ್ಲಿ ಔಷಧಿಯ ಪಂಪು ಹೊತ್ತು ನಿಂತಿದ್ದ ಕೂಲಿಯ ಪೇಚಿಗೆ, ಕಣ್ಣು ಕಾಣುವುದಿಲ್ಲವೇ ಎಂದು ಬೈದೆ. ಸೆರಗಿನಿಂದ ತಲೆ ಒರೆಸಿಕೊಳ್ಳಲು ಹೋದರೆ ಕೂದಲು ಒಣಗಿತ್ತು. ಸೆರಗು ಒಣಗಿತ್ತು. ನೀರು ಮಾತ್ರ ಇನ್ನೂ ಹರಿಯುತ್ತಲೇ ಇತ್ತು, ಚರ್ಮದ ಒಳಗೆ. ಪೇಚಿಯ ಪಂಪಿನಲ್ಲಿ ಇನ್ನೂ ಔಷಧಿಯನ್ನೇ ತುಂಬಿರಲಿಲ್ಲ ಎಂದು ಅವಳು ಖಾಲಿ ಪಂಪನ್ನು ಎತ್ತಿ ತೋರಿಸಿದಳು.

ಅದಾದ ಮೇಲೆ ಒಂದೊಂದಾಗಿ ಉಳಿದವೂ ಬಂದವು. ಕತ್ತಿನ ಹಿಂದೆ, ರವಿಕೆಯಲ್ಲಿಟ್ಟ ಮೊಬೈಲ್ ನಡುಗುವ ಹಾಗೆ ಒಂದು ಗುಂಯ್‌ಗುಡುವಿಕೆ. ನಾನಂತೂ ಕತ್ತಿನಲ್ಲಿ ಮೊಬೈಲ್ ಇಟ್ಟುಕೊಳ್ಳುವವಳಲ್ಲ. ಮೇಲೆ ನೋಡಿದಾಗ ದವಡೆಯವರೆಗೆ ಥಟ್ಟನೆ ಎಳೆಯುವ ಒಂದು ಗೆರೆ, ಬ್ಯಾಟರಿಯ ತುದಿಯನ್ನು ನಾಲಗೆಗೆ ಮುಟ್ಟಿಸಿದಂತೆ. ಇನ್ನು ಕೆಲವು ದಿನ ತಲೆ ಬಾಚುವಾಗ ಬಲಭಾಗದ ತಲೆ ನನ್ನದಲ್ಲ ಎನಿಸುವುದು. ಬಾಚಣಿಗೆ ಹೋಗುತ್ತಿದೆ, ಸದ್ದು ಕೇಳುತ್ತಿದೆ, ಆದರೆ ಪಕ್ಕದ ಮನೆಯವರ ತಲೆ ಬಾಚುತ್ತಿದ್ದೇನೆ. ಬಂದಷ್ಟೇ ಸದ್ದಿಲ್ಲದೆ ಎಲ್ಲವೂ ಹೋಗುತ್ತವೆ. ಯಾಕೆ ಬಂದವು, ಎಲ್ಲಿಗೆ ಹೋದವು, ಒಂದೂ ತಿಳಿಯದು.

ಗಮನಿಸಿ, ಇದರಲ್ಲಿ ನೋವು ಎಲ್ಲೂ ಇಲ್ಲ. ಅದೇ ನಾನು ಮಾಡಿದ ದೊಡ್ಡ ತಪ್ಪು. ತಲೆನೋವಿಗೆ ಈ ಲೋಕದಲ್ಲಿ ಎಂಥ ಮರ್ಯಾದೆ ಇದೆ ನೋಡಿ. ಅದಕ್ಕೆ ಪೆಟ್ಟಿಗೆ ಅಂಗಡಿಯಲ್ಲೂ ಮಾತ್ರೆ ಇದೆ, ಮುಲಾಮು ಇದೆ, ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗುವ ಹಕ್ಕಿದೆ. ‘ತಲೆನೋವು’ ಎಂದರೆ ಸೊಸೆಯೂ ಕಾಫಿ ತಂದು ಕೊಡುತ್ತಾಳೆ. ಅದೇ ‘ತಲೆಯೊಳಗೆ ತಣ್ಣೀರು ಹರಿಯುತ್ತಿದೆ’ ಎಂದು ನೋಡಿ. ಕಾಫಿ ಬರುವುದಿಲ್ಲ. ಎದುರಿಗಿದ್ದವರು ನಿಮ್ಮ ಕಣ್ಣನ್ನು ಸ್ವಲ್ಪ ಹೊತ್ತು ನೋಡುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ.

ಕಂಬಂನ ಡಾಕ್ಟರು ಮೊದಲು ಕೇಳಿದ್ದು ‘ವಲಿಯಾ?’ ಎಂದು, ಅಂದರೆ ನೋವಾ. ಅಲ್ಲ ಎಂದೆ. ‘ಮಯಕ್ಕಮಾ?’ ತಲೆಸುತ್ತಾ. ಅದೂ ಅಲ್ಲ ಎಂದೆ. ಅವರ ಹತ್ತಿರ ಇದ್ದದ್ದು ಆ ಎರಡೇ ಪ್ರಶ್ನೆ. ಹಾಗಾದರೆ ಏನು ಎಂದು ಹೇಳುವ ಸರದಿ ನನ್ನದಾಯಿತು, ಆಗ ನನಗೆ ಭಾಷೆ ಕೈಕೊಟ್ಟಿತು. ನಮ್ಮ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡು ಬಿಟ್ಟು ಈ ಕಣಿವೆಗೆ ಬಂದು ನೆಲೆಸಿದವರು. ಒಲೆಯ ಮುಂದೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ನಾನು ಕಲಿತದ್ದು ನಮ್ಮ ಮನೆಯವರಿಗೆ ಮೈಸೂರಿನಲ್ಲಿ ಕೆಲಸವಿದ್ದ ಕಾಲದಲ್ಲಿ. ಹೀಗೆ ಎರಡೂವರೆ ಭಾಷೆಯ ಯಜಮಾನಿಯಾದ ನಾನು ಜೋಮು, ಜುಮ್ಮು, ಚಳಕು, ಸೆಳೆತ, ನವೆ ಎಂದು ಇದ್ದಬದ್ದ ಮಾತನ್ನೆಲ್ಲ ತೂಗಿ ನೋಡಿದೆ. ಜೋಮು ಎಂದರೆ ಕಾಲು ಮಡಿಸಿ ಕೂತವರದು. ಚಳಕು ಎಂದರೆ ಅದರಲ್ಲಿ ನೋವಿದೆ. ನವೆ ಎಂದರೆ ಹೇನು ನೋಡಿಸಿಕೊಳ್ಳಿ ಎನ್ನುತ್ತಾರೆ. ಸಾವಿರಾರು ವರ್ಷದಿಂದ ಮನುಷ್ಯರಿಗೆ ತಲೆಯಿದೆ, ಅದರೊಳಗೆ ಇಂಥದೆಲ್ಲ ಯಾರಿಗಾದರೂ ಆಗಿಯೇ ಇರಬೇಕು, ಆದರೆ ಅದಕ್ಕೊಂದು ಪದ ಮಾಡಿಡಲಿಲ್ಲವಲ್ಲ ಎಂದು ಹಿರಿಯರ ಮೇಲೂ ಸಿಟ್ಟು ಬಂತು. ಬಹುಶಃ ಅವರೂ ಯಾರಿಗೋ ಹೇಳಲು ಹೋಗಿ ಹೇನು ನೋಡಿಸಿಕೊಂಡು ಸುಮ್ಮನಾದರೇನೋ.

ಪದವಿಲ್ಲದ ಕಾಯಿಲೆಗೆ ಸಲಹೆಗಳಿಗೇನೂ ಕೊರತೆಯಿಲ್ಲ. ಎದುರುಮನೆಯವರು ‘ಗ್ಯಾಸು’ ಎಂದರು. ನಮ್ಮ ಜಿಲ್ಲೆಯಲ್ಲಿ ಗ್ಯಾಸು ಹೊಟ್ಟೆಯಲ್ಲಿ ಹುಟ್ಟಿ, ಎದೆಗೆ ಹೋಗಿ, ಮಂಡಿಗೆ ಇಳಿದು, ಮತ್ತೆ ನೆತ್ತಿಗೆ ಏರುತ್ತದೆ. ಅಷ್ಟು ಊರು ಸುತ್ತುವ ಬಸ್ಸು ಕಂಬಂ ನಿಲ್ದಾಣದಲ್ಲೂ ಇಲ್ಲ. ಹಾಲಿನವನು ಸೂಡು ಎಂದ, ಎಂದರೆ ಮೈಯ ಉಷ್ಣ. ಒಂದು ಮದುವೆಯಲ್ಲಿ ಪರಿಚಯವೇ ಇಲ್ಲದ ಹೆಂಗಸೊಬ್ಬರು ನರಂಬು ತಳರ್ಚಿ, ಅಂದರೆ ನರಗಳ ಸುಸ್ತು ಎಂದು ಹೇಳಿ ಪಾಯಸ ಬಡಿಸಿಕೊಂಡರು. ವೇದಸಂದೂರಿನಲ್ಲಿರುವ ನನ್ನ ಚಿಕ್ಕಮ್ಮ ಫೋನಿನಲ್ಲೇ ನನ್ನ ಕಾಯಿಲೆಯನ್ನು ಮೂರು ಸಲ ಬದಲಾಯಿಸಿದರು. ಮೊದಲು ದೃಷ್ಟಿ, ಆಮೇಲೆ ದಿಂಬು, ಕೊನೆಗೆ ಹರಕೆಯ ಮುಡಿ ಕೊಡದೆ ಬಾಕಿ ಉಳಿಸಿಕೊಂಡದ್ದು. ನನಗೆ ಹರಕೆಯೇ ಇರಲಿಲ್ಲ ಎಂದರೆ, ‘ನಿಂಗೆ ತಿಳೀದು, ನಿಮ್ಮವ್ವ ಹೊತ್ತಿರ್ತಾಳೆ’ ಎಂದರು. ತೀರಿಹೋದವರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳುವುದು ಹೇಗೆ?

ಇವರೆಲ್ಲರೂ ಮಾತು ಮುಗಿಸುವಾಗ ಹೇಳುವುದು ಒಂದೇ: ತಲೆಗೆ ಹಚ್ಚಿಕೊಳ್ಳಬೇಡ. ಸ್ವಾಮೀ, ಅದು ತಲೆಗೇ ಹಚ್ಚಿಕೊಂಡಿದೆ. ಕಾಲಿಗೆ ಹಚ್ಚಿಕೊಂಡಿದ್ದರೆ ನಿಮ್ಮ ಮಾತು ಕೇಳುತ್ತಿದ್ದೆ.

ಇನ್ನು ತೇನಿಯ ವಿಷಯ. ತೇನಿಯ ಆ ದೊಡ್ಡ ಆಸ್ಪತ್ರೆಗೆ ನಮ್ಮ ಮನೆಯವರೂ ನನ್ನ ತಮ್ಮ ಶೇಖರನೂ ನನ್ನನ್ನು ಕರೆದುಕೊಂಡು ಹೋದರು. ಶೇಖರ ಚಿನ್ನಮನೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಾನೆ. ಐವತ್ತು ದಾಟಿದ್ದಾನೆ, ಆದರೂ ನನ್ನನ್ನು ಯಂತ್ರದೊಳಗೆ ತಳ್ಳಿದಾಗ ಹೊರಗೆ ಕೂತು ಅತ್ತನಂತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವನ ಮೇಲೆ ತುಂಬ ಸಿಟ್ಟಾಗುತ್ತೇನೆ.

ಅಲ್ಲಿಯ ಡಾಕ್ಟರು ನನ್ನ ತಲೆಯ ಬಗ್ಗೆ ಕೇಳಬೇಕಾದದ್ದನ್ನೆಲ್ಲ ನಮ್ಮ ಮನೆಯವರನ್ನು ಕೇಳಿದರು. ಅಮ್ಮ ಚೆನ್ನಾಗಿ ನಿದ್ದೆ ಮಾಡುತ್ತಾರಾ, ಮನೆಯಲ್ಲಿ ಏನಾದರೂ ಚಿಂತೆಯಾ, ಮಾತುಮಾತಿಗೆ ಕೋಪ ಬರುತ್ತದಾ. ತಲೆ ನನ್ನ ಭುಜದ ಮೇಲೆ ಕೂತಿತ್ತು, ಬಾಯಿಯೂ ಅದರಲ್ಲೇ ಇತ್ತು. ನಿದ್ದೆ ಬರುತ್ತದೆ ಎಂದು ನಾನೇ ಹೇಳಿದೆ. ಅವರು ನಮ್ಮ ಮನೆಯವರ ಕಡೆ ನೋಡಿ, ಬರುತ್ತದಾ ಎಂದರು. ಅವರು ಹೌದೆಂದು ತಲೆಯಾಡಿಸಿದ ಮೇಲೆಯೇ ಬರೆದುಕೊಂಡರು. ನಲವತ್ತು ವರ್ಷದಿಂದ ನನಗಿಂತ ಮೊದಲು ಗೊರಕೆ ಹೊಡೆಯುವ ಮನುಷ್ಯ ನನ್ನ ನಿದ್ದೆಗೆ ಸಾಕ್ಷಿ. ಆಮೇಲೆ ಡಾಕ್ಟರು ಕಪ್ಪು ಹಾಳೆಗಳನ್ನು ಬೆಳಕಿಗೆ ಹಿಡಿದು, ನಕ್ಕು, ‘ಒಣ್ಣುಮ್ ಇಲ್ಲಮ್ಮಾ’ ಎಂದರು. ಒಂದೂ ಇಲ್ಲ. ಮನಸ್ಸನ್ನು ಸಂತೋಷವಾಗಿ ಇಟ್ಟುಕೊಳ್ಳಿ ಎಂದು, ಅದನ್ನೂ ನಮ್ಮ ಮನೆಯವರಿಗೇ ಹೇಳಿ ಕಳಿಸಿದರು.

ಆ ದಿನ ಬರುವಾಗ ಇವರು ಕಾರು ನಿಲ್ಲಿಸಿ ಮೈಸೂರುಪಾಕು ಕೊಂಡರು. ಬೀದಿಗೆಲ್ಲ ಹಂಚಿದರು. ಹೆಂಡತಿಯ ತಲೆಯಲ್ಲಿ ಏನೂ ಇಲ್ಲ ಎಂದು ಸಿಹಿ ಹಂಚಿದ ಗಂಡ ನಮ್ಮ ಬೀದಿಯಲ್ಲಿ ಇವರೊಬ್ಬರೇ ಇರಬೇಕು. ಅವರ ಸಂತೋಷ ಸುಳ್ಳಲ್ಲ, ಅದು ನನಗೆ ಗೊತ್ತು. ಗಡ್ಡೆಗಿಡ್ಡೆ ಏನಾದರೂ ಇದ್ದರೆ ಎಂದು ಹೆದರಿದ್ದರು. ನಾನೂ ಹೆದರಿದ್ದೆ. ಒಂದು ತುಂಡು ನಾನೂ ತಿಂದೆ. ತಿನ್ನುವಾಗಲೇ ಕತ್ತಿನಲ್ಲಿ ಗುಂಯ್ ಎಂದು ಶುರುವಾಯಿತು. ಯಾರಿಗೆ ಹೇಳಲಿ? ಇಲ್ಲ ಎಂದು ಹಂಚಿಯಾಗಿತ್ತು.

ಒಂದೂ ಇಲ್ಲ ಎಂಬ ಮಾತಿಗೆ ಒಂದು ವಿಚಿತ್ರ ಗುಣವಿದೆ. ಅದು ಇದ್ದಲ್ಲಿ ಇರುವುದಿಲ್ಲ. ತೇನಿಯಲ್ಲಿ ಅದರ ಅರ್ಥ ಗಡ್ಡೆ ಇಲ್ಲ ಎಂದು. ಕಂಬಂಗೆ ಬರುವಷ್ಟರಲ್ಲಿ ಅಕ್ಕನಿಗೆ ಏನೂ ಆಗಿಲ್ಲ, ಸುಮ್ಮನೆ ಹೇಳುತ್ತಾಳೆ ಎಂದಾಯಿತು. ಅಲ್ಲಿಂದ ವೇದಸಂದೂರಿಗೆ ಹೋಗುವಷ್ಟರಲ್ಲಿ, ಏನೂ ಇಲ್ಲದೆಯೂ ಇದೆ ಅನ್ನಿಸುತ್ತದಂತೆ, ಅಂದರೆ ಮನಸ್ಸಿನದು ಎಂದಾಯಿತು. ತಿರುಗಿ ನಮ್ಮ ಮನೆಗೆ ಬಂದಾಗ ಅದಕ್ಕೆ ಕರುಣೆಯ ಮುಖವಿತ್ತು. ನನ್ನ ಜೊತೆ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದರು. ಸ್ಕೂಟರಿನ ಬೀಗದ ಕೈ ಇಟ್ಟಲ್ಲಿ ಇರುತ್ತಿರಲಿಲ್ಲ. ತೋಟದಲ್ಲಿ ನಾನು ಹತ್ತಿ ನಿಲ್ಲುವ ಸ್ಟೂಲು ಮಾಯವಾಯಿತು. ನಾನು ಜೋರಾಗಿ ಕೇಳಿದರೆ, ನೋಡು ಕೋಪ ಬರುತ್ತೆ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಪ ಬರದೆ ಇರಲು ನಾನೇನು ಕಲ್ಲುಕಂಬವೇ? ಒಂದೂ ಇಲ್ಲದವಳು ಯಾಕೆ ಸ್ಟೂಲು ಹತ್ತಬಾರದು ಎಂದು ಕೇಳಿದರೆ, ಮಾತ್ರೆ ತಗೊಂಡೆಯಾ ಎನ್ನುತ್ತಿದ್ದರು.

ಇಲ್ಲಿ ಒಂದು ಪದದ ಕತೆ ಹೇಳಬೇಕು. ಗುತ್ತಿಗೆಗೆ ತಮಿಳಿನಲ್ಲಿ ಕುತ್ತಗೈ ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ಅದು ಸವೆದು ಕುತ್ತಗೆ ಆಗಿದೆ. ಇನ್ನು ಕತ್ತಿಗೆ ಕುತ್ತಿಗೆ ಎನ್ನುವುದು ನಿಮಗೂ ನಮಗೂ ಒಂದೇ. ಒಂದು ದಿನ ನಮ್ಮ ಮನೆಯವರು ಹಿತ್ತಲಲ್ಲಿ ನಿಂತು ಶೇಖರನ ಹತ್ತಿರ ಫೋನಿನಲ್ಲಿ ಮಾತಾಡುವುದು ಅಡಿಗೆಮನೆಗೆ ಕೇಳಿಸಿತು. ಈ ವಿಷಯ ತಳ್ಳಿಹಾಕಬಾರದು, ಅವರು ನಾಳೆ ಬೆಳಿಗ್ಗೆ ಬರುತ್ತಾರಂತೆ, ಬಂದು ಒಂದು ಸಾರಿ ಕಣ್ಣಾರೆ ನೋಡಿಬಿಡಲಿ ಎನ್ನುತ್ತಿದ್ದರು. ಮಾತಿನ ನಡುನಡುವೆ ಅಕ್ಕನ ಕುತ್ತಿಗೆ, ಅಕ್ಕನ ಕುತ್ತಿಗೆ ಎಂದು ನನ್ನ ಕಿವಿಗೆ ಬಿತ್ತು.

ನನ್ನ ಕಣ್ಣು ತುಂಬಿಬಂತು. ಇಷ್ಟು ದಿನ ಇವರನ್ನು ಸುಮ್ಮನೆ ಬೈದುಕೊಂಡೆನಲ್ಲ, ನನ್ನ ಕುತ್ತಿಗೆಗೆಂದೇ ಯಾರನ್ನೋ ಮನೆಗೆ ಕರೆಸುತ್ತಿದ್ದಾರಲ್ಲ ಎಂದುಕೊಂಡೆ. ಮಧುರೆಯ ದೊಡ್ಡ ಡಾಕ್ಟರೇ ಇರಬೇಕು, ಇಲ್ಲದಿದ್ದರೆ ಒಳ್ಳೆಯ ವೈದ್ಯ. ಮರುದಿನ ಬೇಗ ಎದ್ದು ತಲೆಸ್ನಾನ ಮಾಡಿದೆ. ಡಾಕ್ಟರು ಮುಟ್ಟಿ ನೋಡಬೇಕಲ್ಲ, ಕೂದಲಲ್ಲಿ ಎಣ್ಣೆ ಇರಬಾರದು. ಒಳ್ಳೆಯ ಸೀರೆ ಉಟ್ಟೆ. ಹೇಳಬೇಕಾದದ್ದನ್ನು ತಮಿಳಿನಲ್ಲಿ ಎರಡು ಸಾರಿ ಬಾಯಿಪಾಠ ಮಾಡಿಕೊಂಡೆ. ಇವರು ಕಾಫಿ ಕುಡಿದು, ಶೇಖರನನ್ನು ನೋಡಿ ಬರುತ್ತೇನೆ ಎಂದು ಹೊರಟರು. ಡಾಕ್ಟರನ್ನು ಕರೆತರಲು ಎಂದು ನಾನು ತಿಳಿದೆ. ವರಾಂಡದಲ್ಲಿ ಕುರ್ಚಿ ಹಾಕಿ ಕೂತೆ. ಬಿಸಿಲು ವರಾಂಡ ದಾಟಿ ಗೋಡೆಗೆ ಬಂತು, ಯಾರೂ ಬರಲಿಲ್ಲ. ಬಂದವರು ದಾರಿಯಲ್ಲಿ ತೋಟ ನೋಡಲು ಇಳಿದಿರಬಹುದು, ಪೇಟೆಯವರಿಗೆ ದ್ರಾಕ್ಷಿ ತೋಟ ಎಂದರೆ ಆಸೆ ಎನ್ನಿಸಿ, ಸ್ಕೂಟರಿನ ಬೀಗದ ಕೈ ಸಿಗದೆ, ಶೇರ್ ಆಟೋ ಹತ್ತಿ ತೋಟಕ್ಕೆ ಹೋದೆ.

ಅವರು ತೋಟದಲ್ಲೇ ಇದ್ದರು. ಬಿಳಿ ವೇಷ್ಟಿ, ಎಂದರೆ ಪಂಚೆ, ಉಟ್ಟ ಒಬ್ಬ ಮನುಷ್ಯ ನನ್ನ ಚಪ್ಪರದ ಕಲ್ಲುಕಂಬವೊಂದನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದ. ಪಕ್ಕದಲ್ಲಿ ಶೇಖರ ತಂತಿ ಯಾವಾಗ ಹೊಸದಾಗಿ ಕಟ್ಟಿಸಿದ್ದು ಎಂದು ವಿವರಿಸುತ್ತಿದ್ದ. ನಮ್ಮ ಮನೆಯವರು ಸ್ವಲ್ಪ ದೂರದಲ್ಲಿ ಬದುವಿನ ಮೇಲೆ ನಿಂತು ಪಾದ ನೋಡಿಕೊಳ್ಳುತ್ತಿದ್ದರು. ಎಷ್ಟು ವರ್ಷಕ್ಕೆ ಕುತ್ತಗೈ ಎಂದು ಆ ಮನುಷ್ಯ ಕೇಳಿದಾಗ, ನನ್ನ ಎರಡು ಭಾಷೆಗಳ ನಡುವೆ ಬಿದ್ದಿದ್ದ ಅಕ್ಷರ ಎದ್ದು ನಿಂತಿತು.

ಡಾಕ್ಟರಿಗೆಂದು ತೊಳೆದ ತಲೆ, ಡಾಕ್ಟರಿಗೆಂದು ಉಟ್ಟ ಸೀರೆ. ನಾಚಿಕೆ ಮೊದಲು ಬಂತು, ಸಿಟ್ಟು ಅದರ ಹಿಂದೆಯೇ ಬಂತು.

“ಬಂದವ್ರು ನೋಡೋದಾದ್ರೆ ನೋಡ್ಲಿ. ನನ್ನ ಕುತ್ತಿಗೆ ಇಲ್ಲಿ ಐತೆ,” ಎಂದೆ.

ಬಿಳಿ ವೇಷ್ಟಿಯವನಿಗೆ ಕನ್ನಡ ತಿಳಿಯದು. ಆದರೆ ಧ್ವನಿ ತಿಳಿಯಿತು. ಫೋನು ಬಂದಂತೆ ಕಿವಿಗೆ ಹಿಡಿದು ರಸ್ತೆಯ ಕಡೆ ನಡೆದುಬಿಟ್ಟ. ಶೇಖರ ನನ್ನ ಹತ್ತಿರ ಬಂದು, ಎಲ್ಲ ನಿನ್ನ ಒಳ್ಳೆಯದಕ್ಕೇ, ಎರಡು ಮೂರು ವರ್ಷ ಯಾರಾದರೂ ನೋಡಿಕೊಂಡರೆ ನೀನು ಆರಾಮಾಗಿ ಇರಬಹುದು, ನಿನಗೆ ಹೇಳಿದರೆ ಬೇಡ ಅನ್ನುತ್ತೀಯ ಎಂದು ಹೇಳಲಿಲ್ಲ, ಎಂದೆಲ್ಲ ಹೇಳಿದ. ಬೇಡ ಅನ್ನುತ್ತೇನೆಂದು ಗೊತ್ತಿದ್ದೇ ಹೇಳಲಿಲ್ಲ ಎಂಬುದನ್ನು ಎಷ್ಟು ಮುಗ್ಧವಾಗಿ ಹೇಳಿದನೆಂದರೆ, ಅವನಿಗೆ ಅದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ. ನಾನು ಅವನಿಗೆ ಉತ್ತರ ಕೊಡುವ ಮೊದಲು, ಆ ಮನುಷ್ಯ ಅಲ್ಲಾಡಿಸಿದ ಕಂಬದ ತುದಿಯಲ್ಲಿ ತಂತಿ ಸಡಿಲವಾಗಿದೆಯೇ ಎಂದು ನೋಡಲು ಕತ್ತೆತ್ತಿದೆ. ಸರಿಯಾಗಿ ಅದೇ ಹೊತ್ತಿಗೆ ದವಡೆಯವರೆಗೆ ಗೆರೆ ಎಳೆಯಿತು. ಕೈ ತಾನಾಗಿ ಕತ್ತಿಗೆ ಹೋಯಿತು.

“ನೋಡಕ್ಕಾ, ಇದ್ಕೇ ನಾವು ಹೇಳೋದು,” ಎಂದ ಶೇಖರ, ಮೆಲ್ಲಗೆ. “ಒಡಂಬು ಸರಿಯಿಲ್ಲ, ಮೈ ಸರಿಯಿಲ್ಲ ನಿಂಗೆ. ಸ್ಟೂಲ್ ಮ್ಯಾಲಿಂದ ಬಿದ್ದೋದ್ರೆ ನಾ ಏನ್ ಮಾಡ್ಲಿ?”

“ಸರಿಯಿಲ್ಲ ಅಂತ ತೇನೀಲಿ ಯಾಕೆ ಹೇಳ್ಲಿಲ್ಲ? ಅಲ್ಲಿ ಒಂದೂ ಇಲ್ಲ ಅಂದಾಗ ತಲೆ ಆಡಿಸ್ಕೊಂಡು ಬಂದ್ರಿ. ಡಾಕ್ಟರ್ ಮುಂದೆ ನನ್ನ ತಲೇಲಿ ಒಂದೂ ಇಲ್ಲ, ತೋಟದ ಮುಂದೆ ಎಲ್ಲಾ ಐತೆ. ಎರಡರಲ್ಲಿ ಒಂದು ಮಾಡಿ. ಇದ್ರೆ ಐತೆ ಅಂತ ಒಪ್ಪಿ. ಇಲ್ಲಾಂದ್ರೆ ನನ್ನ ಸ್ಟೂಲ್ ಕೊಡಿ.”

ಪಕ್ಕದ ಸಾಲುಗಳಲ್ಲಿ ಹೆಂಗಸರ ಕತ್ತರಿಗಳ ಸದ್ದು ನಿಂತಿತ್ತು. ನಾನು ಇನ್ನೂ ಹೇಳಬೇಕೆಂದಿದ್ದೆ, ಕಳೆದ ಎರಡು ವರ್ಷದ್ದೆಲ್ಲ ಸಾಲಾಗಿ ನಿಂತಿತ್ತು. ಆಗ ಬದುವಿನ ಮೇಲಿಂದ ನಮ್ಮ ಮನೆಯವರು ಅಂದು ಮೊದಲ ಸಲ ಬಾಯಿ ಬಿಟ್ಟರು. ದಿಂಡಿಗಲ್‌ನಲ್ಲಿ ನರದ ಡಾಕ್ಟರು ಒಬ್ಬರಿದ್ದಾರಂತೆ, ಮೂವರೂ ಹೋಗೋಣ, ಈ ಸಾರಿ ಇವಳೇ ಮಾತಾಡಲಿ, ಅಲ್ಲಿಯವರೆಗೆ ತೋಟದ ಮಾತು ಬೇಡ ಎಂದರು. ಹೇಳಿ, ಪಂಪ್‌ಸೆಟ್ ಮನೆಯ ಹಿಂದೆ ಹೋಗಿ ನನ್ನ ಸ್ಟೂಲು ತಂದು ನನ್ನ ಮುಂದೆ ಇಟ್ಟರು. ಬಚ್ಚಿಟ್ಟವರು ಅವರೇ ಎಂದು ಆಗ ಗೊತ್ತಾಯಿತು.

ದಿಂಡಿಗಲ್‌ನ ಡಾಕ್ಟರು ಒಬ್ಬ ಹೆಂಗಸು, ನನಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವರು. ನಾವು ಒಳಗೆ ಹೋದಾಗ ಬಿಸ್ಕತ್ತು ತಿನ್ನುತ್ತಿದ್ದರು. ಅವರಲ್ಲಿ ಕರುಣೆಗಿರುಣೆ ಏನೂ ಕಾಣಲಿಲ್ಲ, ಸಮಯವೂ ಇರಲಿಲ್ಲ. ಹೊರಗೆ ಅರ್ಧ ಜಿಲ್ಲೆ ಕೂತಿತ್ತು. ಆದರೆ ನಮ್ಮ ಮನೆಯವರು ಬಾಯಿ ತೆರೆದಾಗ, ನೀವು ಇರಿ ಸಾರ್, ತಲೆ ಅವರದು ತಾನೆ ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಒಂದು ಬುಟ್ಟಿ ಪನ್ನೀರು ದ್ರಾಕ್ಷಿ ಕೊಡಬಹುದಿತ್ತು.

ನಾನು ಬಾಯಿಪಾಠ ಮಾಡಿದ್ದ ತಮಿಳು ಮರೆತುಹೋಯಿತು. ಚೆಂಬು, ತಣ್ಣೀರು, ಬ್ಯಾಟರಿ, ಪಕ್ಕದ ಮನೆಯವರ ತಲೆ ಎಲ್ಲವನ್ನೂ ತೋಚಿದಂತೆ ಹೇಳಿದೆ. ಅವರು ನಗಲಿಲ್ಲ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದು ಕೇಳಿ ನನ್ನ ಬೆರಳಿನಿಂದಲೇ ತೋರಿಸಲು ಹೇಳಿದರು. ಹತ್ತಿಯಿಂದ ಮುಖ ಸವರಿದರು, ಸೂಜಿಯ ಮೊನೆ ಮುಟ್ಟಿಸಿದರು, ಮಂಡಿಗೆ ಸುತ್ತಿಗೆಯಿಂದ ತಟ್ಟಿದರು, ಕಣ್ಣು ಮುಚ್ಚಿ ನಿಲ್ಲಿಸಿದರು, ಕತ್ತನ್ನು ಅತ್ತಿತ್ತ ತಿರುಗಿಸಿದರು. ತೇನಿಯ ಹಾಳೆಗಳನ್ನು ಅವರೂ ಬೆಳಕಿಗೆ ಹಿಡಿದರು. ಕೂತು ಬರೆಯತೊಡಗಿದಾಗ ಶೇಖರನಿಗೆ ತಡೆಯಲಾಗಲಿಲ್ಲ. ಹಾಗಾದರೆ ಒಂದೂ ಇಲ್ಲವಲ್ಲ ಡಾಕ್ಟರ್ ಎಂದ.

ಅವರು ಪೆನ್ನು ನಿಲ್ಲಿಸಿದರು. “ಒಂದೂ ಇಲ್ಲ ಅಂತ ನಾನು ಹೇಳಲಿಲ್ಲವಲ್ಲ. ಇವರಿಗೆ ಏನೋ ಆಗುತ್ತಿದೆ. ಯಾಕೆ ಅಂತ ನನಗೆ ತೆರಿಯಲೆ,” ಎಂದರು ತಮಿಳಿನಲ್ಲಿ.

ತೆರಿಯಲೆ. ಗೊತ್ತಿಲ್ಲ. ಇಷ್ಟು ದಿನ ಗ್ಯಾಸಿನವರಿಗೂ ಗೊತ್ತಿತ್ತು, ಸೂಡಿನವರಿಗೂ ಗೊತ್ತಿತ್ತು, ಪಾಯಸ ಬಡಿಸಿಕೊಂಡವರಿಗೂ ಗೊತ್ತಿತ್ತು. ಗೊತ್ತಿಲ್ಲ ಎಂದು ಹೇಳಲು ನರಗಳನ್ನೇ ಓದಿಕೊಂಡವರು ಬೇಕಾದರು. ನ್ಯಾಯವಾಗಿ ನೋಡಿದರೆ ನನಗೆ ಇಲ್ಲೂ ಸಿಟ್ಟು ಬರಬೇಕಿತ್ತು. ಅಷ್ಟು ದೂರ ಹೋಗಿ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದು, ಗೊತ್ತಿಲ್ಲ ಎಂದು ಕೇಳಿಸಿಕೊಂಡು ಬರುವುದೆಂದರೇನು? ಬೇರೆ ದಿನವಾಗಿದ್ದರೆ ಖಂಡಿತ ಜಗಳ ತೆಗೆಯುತ್ತಿದ್ದೆ. ಅಂದು ಮಾತ್ರ ಬಿಸಿಲಿನಲ್ಲಿ ನಡೆದು ಬಂದವಳಿಗೆ ಯಾರೋ ಕೂತ್ಕೊಳ್ಳಿ ಎಂದಂತಾಯಿತು.

ಮುಂದಿನದನ್ನು ಅವರು ಚುಟುಕಾಗಿ ಹೇಳಿದರು. ಹೆದರಬೇಕಾದ ಗುರುತು ಈಗ ಕಾಣುತ್ತಿಲ್ಲ. ಕೈಕಾಲು ಸೋತರೆ, ಮಾತು ತೊದಲಿದರೆ, ಕಣ್ಣು ಮಂಜಾದರೆ ತಡಮಾಡದೆ ಬರಬೇಕು. ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ತುಂಬ ಹೊತ್ತು ಕತ್ತೆತ್ತಿ ನಿಲ್ಲಬಾರದು, ನಡುನಡುವೆ ಕೂರಬೇಕು. ತೋಟದ ಕೆಲಸ ಮಾಡಬಹುದಾ ಎಂದು ನಾನು ಕೇಳಿದೆ. ಮಾಡಬಹುದು, ಸ್ಟೂಲು ಮಾತ್ರ ಬೇಡ ಎಂದರು. ಶೇಖರ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ನರಗಳ ಪಟ ನೋಡಿದೆ. ಅವರಿಗೆ ಇನ್ನೂ ಏನೋ ಕೃತಜ್ಞತೆಯ ಮಾತು ಹೇಳಬೇಕೆಂದು ಎದ್ದು ನಿಂತರೆ, ಅವರು ಆಗಲೇ ಮುಂದಿನವರಿಗೆ ಗಂಟೆ ಒತ್ತಿಬಿಟ್ಟಿದ್ದರು.

ಬರುವಾಗ ಇವರು ಕಾರು ಓಡಿಸುತ್ತಿದ್ದರು, ಶೇಖರ ಮುಂದೆ ಕೂತಿದ್ದ, ನಾನು ಹಿಂದೆ. ಸೆಂಪಟ್ಟಿ ದಾಟಿದೆವು. ಆಮೇಲೆ ಶೇಖರ, ಗುತ್ತಿಗೆಯವನಿಗೆ ಬೇಡ ಎಂದು ಹೇಳಿಬಿಡುತ್ತೇನೆ ಎಂದ. ಅದನ್ನು ಆಗಲೇ ಹೇಳಿಯಾಗಿದೆ ಎಂದರು ಇವರು. ಶೇಖರ ಸೀಟಿನಲ್ಲಿ ಹಿಂದೆ ತಿರುಗಿ, “ಅಕ್ಕಾ, ಅದು ಹೆಂಗಿರುತ್ತೆ? ನಿಜವಾಗ್ಲೂ ನೀರಿನ್ ಹಂಗೇ ಇರುತ್ತಾ?” ಎಂದು ಕೇಳಿದ.

ಎರಡು ವರ್ಷದಲ್ಲಿ ನನ್ನವರು ಯಾರೂ ಕೇಳದ ಪ್ರಶ್ನೆ ಅದು. ಏನು ತಿಂದೆ, ಎಷ್ಟು ಹೊತ್ತಿಗೆ ಮಲಗಿದೆ, ಮಾತ್ರೆ ತಗೊಂಡೆಯಾ ಎಂದು ಕೇಳಿದ್ದರು. ಹೇಗಿರುತ್ತದೆ ಎಂದು ಕೇಳಿರಲಿಲ್ಲ. ನಾನು ಶುರುಮಾಡಿದೆ. ನೀರಿನ ಹಾಗೆ ಅಂದರೆ ಬಾವಿಯ ನೀರಲ್ಲ, ಮಣ್ಣಿನ ಮಡಕೆಯ ನೀರು ಎಂದೆ. ಹರಿಯುವ ದಾರಿ ಪ್ರತಿ ಸಾರಿಯೂ ಒಂದೇ, ಆದರೆ ಕೆಲವು ದಿನ ಕಿವಿಯ ಹಿಂದೆ ನಿಂತು ಯೋಚಿಸುತ್ತದೆ ಎಂದೆ. ವತ್ತಲಗುಂಡು ಬಂತು, ನಾನು ಇನ್ನೂ ನೆತ್ತಿಯಲ್ಲೇ ಇದ್ದೆ. ಗುಂಯ್‌ಗುಡುವಿಕೆಗೆ ಬರುವಷ್ಟರಲ್ಲಿ ದೇವದಾನಪಟ್ಟಿ ಬಂತು. ಎಷ್ಟು ದಿನದಿಂದ ಕೂಡಿಟ್ಟಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಉಪಮೆಯ ಮೇಲೆ ಉಪಮೆ ಬಂದವು, ಎಲ್ಲವೂ ಚೆನ್ನಾಗಿದ್ದವು. ಪೆರಿಯಕುಳದ ಮಾವಿನ ತೋಪುಗಳ ಹತ್ತಿರ, ಬಾಚಣಿಗೆಯ ವಿಷಯವನ್ನು ಬಹಳ ಸೊಗಸಾಗಿ ಹೇಳಿ ಮುಗಿಸಿ, ತಿಳಿಯಿತಾ ಎಂದು ಕೇಳಿದೆ. ಬಗ್ಗಿ ನೋಡಿದರೆ ಶೇಖರ ಕಿಟಕಿಗೆ ತಲೆ ಒರಗಿಸಿ, ಬಾಯಿ ತೆರೆದುಕೊಂಡು, ಚೆನ್ನಾಗಿ ನಿದ್ದೆ ಹೋಗಿದ್ದ.

ಸಿಟ್ಟು ಬರಬೇಕಿತ್ತು. ಎಬ್ಬಿಸಲೆಂದು ಕೈಯೂ ಚಾಚಿದೆ. ಆದರೆ ಆ ಮುಖ ಬೆಳಗಿನ ಜಾವ ಎದ್ದು ಲಾರಿಗೆ ತೆಂಗಿನಕಾಯಿ ತುಂಬಿಸಿ, ಅಲ್ಲಿಂದ ನೇರ ನನಗಾಗಿ ಓಡಿಬಂದ ಮುಖ. ಅದಲ್ಲದೆ ಯೋಚಿಸಿ ನೋಡಿದೆ: ಅವನು ತನ್ನ ಮಂಡಿನೋವಿನ ಬಗ್ಗೆ ಹೇಳಲು ಶುರುಮಾಡಿದರೆ ನಾನು ಎಷ್ಟು ಊರು ದಾಟುವವರೆಗೆ ಎಚ್ಚರವಾಗಿರುತ್ತೇನೆ? ಇನ್ನೊಬ್ಬರ ಮೈಯೊಳಗಿನ ಸುದ್ದಿ ಎಷ್ಟು ಪ್ರೀತಿಯಿದ್ದರೂ ಒಂದೆರಡು ಊರಿನಷ್ಟೇ. ಕೈ ಹಿಂದಕ್ಕೆ ತೆಗೆದುಕೊಂಡೆ.

“ಆಮೇಲೆ?” ಎಂದರು ಇವರು, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

ಇವರು ಕೇಳುತ್ತಿದ್ದಾರೆ ಎಂದು ನಾನು ಅಂದುಕೊಂಡೇ ಇರಲಿಲ್ಲ. ಆಮೇಲೆ ಇನ್ನೇನಿಲ್ಲ, ಅಷ್ಟೇ ಎಂದೆ.

“ಅದು ಬಂದಾಗ ನಾ ಏನ್ ಮಾಡ್ಬೇಕು?”

ಇದನ್ನು ನಾನೂ ಯೋಚಿಸಿರಲಿಲ್ಲ. ನಂಬಬೇಕು ಎಂದು ದಿನವೂ ಮನಸ್ಸಿನಲ್ಲೇ ಜಗಳವಾಡಿದ್ದೆ, ನಂಬಿದ ಮೇಲೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ತೋಚಿದ್ದನ್ನೇ ಹೇಳಿದೆ: “ಆ ಹೊತ್ನಲ್ಲಿ ಮಾತ್ರ, ರಾತ್ರಿಗೆ ಏನು ಸಾರು ಅಂತ ಕೇಳ್ಬ್ಯಾಡಿ.” ಅವರು ತುಂಬ ಗಂಭೀರವಾಗಿ ಸರಿ ಎಂದು ತಲೆಯಾಡಿಸಿದರು. ಈವರೆಗೆ ಆ ಮಾತಿಗೆ ತಪ್ಪಿಲ್ಲ. ನನ್ನ ಕೈ ಕತ್ತಿಗೆ ಹೋದದ್ದು ಕಂಡರೆ, ಬಾಯಿಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಹಿತ್ತಲಿಗೆ ಹೋಗುತ್ತಾರೆ.

ತೋಟವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಸ್ಟೂಲು ಹತ್ತುವ ಕೆಲಸ ಪೇಚಿಯದು, ಕೆಳಗೆ ಬೆಂಚಿನ ಮೇಲೆ ಕೂತು ಅವಳ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನದು. ಇಬ್ಬರೂ ನಮ್ಮ ನಮ್ಮ ಕೆಲಸವನ್ನು ಚೆನ್ನಾಗಿ ಮಾಡುತ್ತೇವೆ. ಈ ಸಲದ ಬೆಳೆ ಪರವಾಗಿಲ್ಲ. ತಣ್ಣೀರು ಈಗಲೂ ಬರುತ್ತದೆ, ಗೆರೆ ಎಳೆಯುತ್ತದೆ. ಗುಂಯ್‌ಗುಡುವುದು ಸ್ವಲ್ಪ ಕಡಿಮೆಯಾಗಿದೆ, ಯಾಕೆಂದು ಕೇಳಬೇಡಿ. ಗ್ಯಾಸಿನವರು ಇನ್ನೂ ಗ್ಯಾಸು ಎನ್ನುತ್ತಾರೆ, ನಾನು ಇನ್ನೂ ಜಗಳವಾಡುತ್ತೇನೆ. ಸಿಟ್ಟು ಹೋಗಿಬಿಟ್ಟರೆ ಅದಕ್ಕೂ ಏನಾದರೂ ಕಾಯಿಲೆ ಎಂದಾರು.

ಕರೆಯದೆ ಬರುವ ನೆಂಟರು ನಮ್ಮ ಕಣಿವೆಯಲ್ಲಿ ಎಲ್ಲರ ಮನೆಗೂ ಬರುತ್ತಾರೆ. ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ ಎಂದು ಅವರನ್ನು ಕೇಳುವುದು ಮರ್ಯಾದೆಯಲ್ಲ, ಕೇಳಿದರೂ ಅವರು ಹೇಳುವುದಿಲ್ಲ. ಆದರೆ ಜಗಲಿಯ ಮೇಲೆ ಕಾಲು ಚಾಚಿ ಕೂತಿರುವವರ ಎದುರಿಗೇ, ನಿಮ್ಮ ಮನೆಗೆ ಯಾರೂ ಬಂದಿಲ್ಲ ಎಂದು ಊರವರು ನನಗೆ ಹೇಳಬಾರದು. ಅನ್ನ ಬಡಿಸುತ್ತಿರುವವಳು ನಾನು.